ಕೌಲಾಲಂಪುರದಲ್ಲಿ ವಿಮಾನ ಬದಲಿಸುವವರು ಇದನ್ನೊಮ್ಮೆ ಓದಿ

ಬ್ಯಾಂಕಾಕ್‌ನಿಂದ ಕೌಲಾಲಂಪುರ 1,200 ಕಿ.ಮೀ. ಆಸುಪಾಸು. ದೂರ ತೋರಿಸುವ ಸೈಟ್‌ಗಳಲ್ಲಿ ಒಂದೂವರೆ, ಹೆಚ್ಚೆಂದರೆ ಎರಡು ಗಂಟೆ ಪ್ರಯಾಣ ಅಂತ ಇರುತ್ತದೆ. ದಯವಿಟ್ಟು ಇದನ್ನು ನಂಬಿ ಮುಂದಿನ ವಿಮಾನಕ್ಕೆ ಟಿಕೆಟ್ ಮಾಡಿಸಬೇಡಿ. ನಮಗೆ ಬೆಂಗಳೂರಿನ ವಿಮಾನ ತಪ್ಪಿದ್ದು ಇದರಿಂದಲೇ.

ಟಿಕೆಟ್ ಮಾಡಿಸಿಕೊಟ್ಟವರು ಒಬ್ಬ ಟ್ರಾವೆಲ್ ಏಜೆಂಟ್. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪಟ್ಟಿಯಲ್ಲಿ ಬ್ಯಾಂಕಾಕ್ ಬಿಡುವುದು 3.00, ಕೌಲಾಲಂಪುರ 5.00, ಬೆಂಗಳೂರಿನ ವಿಮಾನ 8.00 ಅಂತಿತ್ತು. ಅಸಲಿ ಟಿಕೆಟ್ ಕೈಗೆ ಕೊಟ್ಟಿದ್ದು ಊರಿಂದ ಹೊರಡುವ ಹಿಂದಿನ ರಾತ್ರಿ. ಅದರಲ್ಲಿ ಕೌಲಾಲಂಪುರ ತಲುಪುವುದು 6.10! ಫೋನ್ ಮಾಡಿ ಕೇಳಿದರೆ, "ಏನೂ ಆಗಲ್ಲ ಸರ್, ಆರಾಮಾಗಿ ಸಿಗುತ್ತೆ" ಅಂದರು.

ಮಲೇಷ್ಯಾದ ಗಡಿಯಾರ ಥಾಯ್ಲೆಂಡಿಗಿಂತ ಒಂದು ಗಂಟೆ ಮುಂದೆ. ಬ್ಯಾಂಕಾಕ್‌ನಿಂದ ಕೌಲಾಲಂಪುರಕ್ಕೆ ಬರುವಾಗ ಆ ಗಂಟೆ ನಮಗೆ ಕಳೆಯುತ್ತದೆ, ಕೌಲಾಲಂಪುರದಿಂದ ಬ್ಯಾಂಕಾಕ್‌ಗೆ ಹೋಗುವಾಗ ಉಳಿಯುತ್ತದೆ. ಅಲ್ಲದೆ ಸೈಟ್‌ಗಳು ನೇರ ಗೆರೆಯ ದೂರವನ್ನು ವಿಮಾನದ ವೇಗದಿಂದ ಭಾಗಿಸುತ್ತವೆ, ಅಷ್ಟೇ. ರನ್‌ವೇಗಾಗಿ ಕಾಯುವುದು, ಸುತ್ತು ಹಾಕಿ ಇಳಿಯುವುದು ಆ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮ ವಿಮಾನ ಸಮಯಕ್ಕೆ ಸರಿಯಾಗಿಯೇ ಇಳಿಯಿತು. ಕಷ್ಟ ಶುರುವಾಗಿದ್ದು ಆಮೇಲೆ. ಎರಡೂ ಬೇರೆ ಬೇರೆ ಟಿಕೆಟ್ ಆದ್ದರಿಂದ ಇಮಿಗ್ರೇಶನ್ ದಾಟಿ, ಬ್ಯಾಗ್ ತೆಗೆದುಕೊಂಡು, ಮತ್ತೆ ಚೆಕ್-ಇನ್ ಮಾಡಬೇಕು. 2023ರ ಡಿಸೆಂಬರ್‌ನಿಂದ ಭಾರತೀಯರಿಗೆ ಅಲ್ಲಿ ವೀಸಾ ಬೇಡ, ಆದರೆ ಡಿಜಿಟಲ್ ಅರೈವಲ್ ಕಾರ್ಡ್ ಮೊದಲೇ ಆನ್‌ಲೈನ್‌ನಲ್ಲಿ ತುಂಬಿರಬೇಕು. ಕ್ಯೂನಲ್ಲಿ ನಮ್ಮ ಮುಂದಿದ್ದ ಕುಟುಂಬ ಅದನ್ನು ಅಲ್ಲೇ ನಿಂತು ಮೊಬೈಲಿನಲ್ಲಿ ತುಂಬುತ್ತಿತ್ತು. ಇನ್ನೊಂದು ವಿಷಯ, ನಾವು ಇಳಿದಿದ್ದು ಟರ್ಮಿನಲ್ 2, ಹತ್ತಬೇಕಿದ್ದುದು ಟರ್ಮಿನಲ್ 1. ನಡುವೆ ರೈಲಿದೆ. ಓಡುವುದು ಮೂರೇ ನಿಮಿಷ, ಕಾಯುವುದು ಅದಕ್ಕಿಂತ ಜಾಸ್ತಿ.

ಕೌಂಟರ್ ಹತ್ತಿರ ಬಂದಾಗ 7.15. ವಿಮಾನ ಹೊರಡುವ ಒಂದು ಗಂಟೆ ಮುಂಚೆ, ಅಂದರೆ 7ಕ್ಕೇ ಮುಚ್ಚಿದ್ದರು. ಬ್ಯಾಗ್ ಬೆಲ್ಟ್ ನಿಂತಿತ್ತು. ಅಲ್ಲಿದ್ದ ಹುಡುಗಿ ಪಾಪ ಫೋನ್ ಮಾಡಿ ವಿಚಾರಿಸಿದಳು, ಆಮೇಲೆ ಆಗಲ್ಲ ಅಂತ ತಲೆಯಾಡಿಸಿದಳು. ಅಮ್ಮನಿಗೆ ಮೊದಲೇ ಮಂಡಿ ನೋವು. ಸುಸ್ತಾಗಿ ಟ್ರಾಲಿ ಮೇಲೆಯೇ ಕುಳಿತುಬಿಟ್ಟರು. ಅವರನ್ನು ನೋಡಿ ನನಗೆ ಅಳುವೇ ಬಂತು. ಮೊದಲ ವಿಮಾನದ ವಿಷಯ ಎರಡನೆಯವರಿಗೆ ಸಂಬಂಧವಿಲ್ಲ, ಹಾಗಾಗಿ ಹಣವೂ ವಾಪಸ್ ಇಲ್ಲ. ಮರುದಿನಕ್ಕೆ ಪೂರ್ತಿ ದುಡ್ಡು ಕೊಟ್ಟು ಹೊಸ ಟಿಕೆಟ್ ತೆಗೆದುಕೊಂಡೆವು. ಏಜೆಂಟ್ ಆಮೇಲೆ ಫೋನೇ ಎತ್ತಲಿಲ್ಲ.

ಸಾಧ್ಯವಾದರೆ ಎರಡೂ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಆಗ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೂ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ವಿಮಾನ ಸಂಸ್ಥೆಯದು. ಬೇರೆ ಟಿಕೆಟೇ ಅಂತಾದರೆ ಐದು ಗಂಟೆ ಬಿಡುವಾದರೂ ಬೇಕು ಅಂತ ನನ್ನ ಅಭಿಪ್ರಾಯ. ವಯಸ್ಸಾದವರು ಜೊತೆಗಿದ್ದರೆ ಇನ್ನೂ ಜಾಸ್ತಿ ಇಟ್ಟುಕೊಳ್ಳಿ. ಟಿಕೆಟ್‌ನಲ್ಲಿ ಆಯಾ ಊರಿನ ಸಮಯ ಇರುತ್ತದೆ, ಏಜೆಂಟ್ ಪಟ್ಟಿ ಬಿಟ್ಟು ಅದನ್ನೇ ನೋಡಿ. ಹಾಗೆಯೇ ಬ್ಯಾಂಕಾಕ್‌ನಲ್ಲೂ ಸುವರ್ಣಭೂಮಿ, ಡಾನ್ ಮುವಾಂಗ್ ಅಂತ ಎರಡು ವಿಮಾನ ನಿಲ್ದಾಣ ಇವೆ. ಟ್ಯಾಕ್ಸಿ ಹತ್ತುವ ಮೊದಲು ಟಿಕೆಟ್‌ನಲ್ಲಿ ಯಾವ ಹೆಸರಿದೆ ಅಂತ ನೋಡಿಕೊಳ್ಳಿ.