ಯಾವ ಟೇಪು, ಯಾರ ಕೈ: ಎಂಟು ವರ್ಷಗಳ ಜಾಝ್ ಮತ್ತು ಸಿನಿಮಾ ಎಲ್‌ಪಿ ಸಹವಾಸ

ಹೊಸ ಎಲ್‌ಪಿ ರೆಕಾರ್ಡ್ ಕೈಗೆ ಬಂದ ವಾರದಲ್ಲೇ ಬರೆದ ವಿಮರ್ಶೆಗಳನ್ನು ನಂಬುವುದು ಬಿಟ್ಟು ಬಹಳ ಕಾಲವಾಯಿತು. ಹೊದಿಕೆ ಬಿಚ್ಚಿದ ಖುಷಿಯಲ್ಲಿ ಯಾವುದು ತಾನೇ ಕೆಟ್ಟದಾಗಿ ಕೇಳೀತು? ಇದು ಎಂಟು ವರ್ಷ ಕೊಂಡು, ಕೇಳಿ, ವಾಪಸ್ ಕಳಿಸಿ, ಮಾರಿ, ಮಾರಿದ್ದನ್ನೇ ಮತ್ತೆ ಹುಡುಕಿ ಕೊಂಡವನ ಲೆಕ್ಕ. ಈಗ ಕಪಾಟಿನಲ್ಲಿರುವುದು ಇನ್ನೂರು ಚಿಲ್ಲರೆ. ಮೂರರಲ್ಲಿ ಎರಡು ಪಾಲು ಐವತ್ತು-ಅರವತ್ತರ ದಶಕದ ಜಾಝ್ ಮರುಮುದ್ರಣಗಳು, ಉಳಿದದ್ದು ಹಳೆಯ ಸಿನಿಮಾಗಳ ಹಿನ್ನೆಲೆ ಸಂಗೀತ. ಮೂಲ ಮುದ್ರಣಗಳು ನಾಲ್ಕೋ ಐದೋ ಇರಬಹುದು. ಆ ಚಟ ಹತ್ತಿದವರ ಪಾಡು ನೋಡಿ ಆ ಕಡೆ ತಲೆ ಹಾಕಲಿಲ್ಲ.

ಶುರುವಾಗಿದ್ದು ಜಾಝ್ ಪಿಯಾನೊ ವಾದಕ ಥೆಲೋನಿಯಸ್ ಮಂಕ್‌ನಿಂದ. ರೋಜೆ ವಾದಿಂ ನಿರ್ದೇಶಿಸಿದ ಫ್ರೆಂಚ್ ಚಿತ್ರವೊಂದಕ್ಕಾಗಿ ಮಂಕ್ 1959ರ ಜುಲೈ 27ರಂದು ನ್ಯೂಯಾರ್ಕ್‌ನ ನೋಲಾ ಸ್ಟುಡಿಯೊದಲ್ಲಿ ನುಡಿಸಿದ್ದ. ಚಿತ್ರ ತೆರೆ ಕಂಡಿತು, ಅದೇ ಚಿತ್ರಕ್ಕೆ ಡ್ರಮ್ಸ್ ವಾದಕ ಆರ್ಟ್ ಬ್ಲೇಕಿ ನುಡಿಸಿದ್ದು ಎಲ್‌ಪಿಯಾಗಿ ಬಂತು, ಮಂಕ್‌ನದು ಮಾತ್ರ ಬರಲೇ ಇಲ್ಲ. ಟೇಪುಗಳು 2014ರಲ್ಲಿ ಸಿಕ್ಕವು, 2017ರಲ್ಲಿ ಎರಡು ಎಲ್‌ಪಿಗಳ ಸೆಟ್ಟಾಗಿ ಹೊರಬಂದವು. ಸಿನಿಮಾಕ್ಕೆಂದು ನುಡಿಸಿದ್ದು, ಆದರೆ ಶುದ್ಧ ಜಾಝ್. ಐವತ್ತೆಂಟು ವರ್ಷ ಪೆಟ್ಟಿಗೆಯಲ್ಲಿದ್ದದ್ದು, ಆದರೆ ನಿನ್ನೆ ನುಡಿಸಿದಂತಿದೆ. ನನ್ನ ಎರಡೂ ಹುಚ್ಚುಗಳು ಒಂದೇ ತಟ್ಟೆಯಲ್ಲಿ ಗಂಟುಬಿದ್ದದ್ದು ಅಲ್ಲಿಂದ.

ಆ ಸೆಟ್‌ನ ಜೊತೆಗಿದ್ದ ಪುಸ್ತಿಕೆ ನನ್ನ ಅಭ್ಯಾಸವನ್ನೇ ಕೆಡಿಸಿತು. ಟೇಪು ಎಲ್ಲಿತ್ತು, ಹೇಗೆ ಸಿಕ್ಕಿತು ಎಂಬುದೆಲ್ಲ ಅದರಲ್ಲಿತ್ತು. ಅದಾದ ಮೇಲೆ ಯಾವ ಮರುಮುದ್ರಣ ಕಂಡರೂ ಮೊದಲು ಹಿಂಬದಿ ತಿರುಗಿಸಿ ನೋಡುತ್ತೇನೆ: ಯಾವ ಟೇಪಿನಿಂದ ತೆಗೆದರು, ಅಚ್ಚಿಗೆ ಮೂಲವಾಗುವ ಲ್ಯಾಕರ್ ತಟ್ಟೆ ಕೊರೆದವರು ಯಾರು, ಒತ್ತಿದ್ದು ಎಲ್ಲಿ. ಈ ಮೂರಕ್ಕೆ ಉತ್ತರವಿಲ್ಲದೆ ‘180 ಗ್ರಾಂ’ ಎಂದು ಬಂಗಾರದ ಸ್ಟಿಕ್ಕರ್ ಮಾತ್ರ ಅಂಟಿಸಿದ್ದರೆ ಕೆಳಗಿಡುತ್ತೇನೆ. ತೂಕ ನೋಡಿ ಕೊಳ್ಳುವುದಕ್ಕೆ ಇದೇನು ಚಿನ್ನವೇ? ದಪ್ಪ ತಟ್ಟೆ ಕೈಗೆ ಹಿತ, ಕಿವಿಗೆ ಅದರಿಂದ ಲಾಭವಿಲ್ಲ.

ಟೇಪಿನ ವಿಚಾರ ಬರೀ ಗೀಳು ಎನ್ನುವವರಿಗೆ ತುತ್ತೂರಿ ವಾದಕ ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ ಎಲ್‌ಪಿಯ ಕಥೆ ಹೇಳುತ್ತೇನೆ. 1959ರ ಮಾರ್ಚ್ 2ರಂದು ಕೊಲಂಬಿಯಾ ರೆಕಾರ್ಡ್ ಕಂಪನಿಯ 30ನೇ ಬೀದಿ ಸ್ಟುಡಿಯೊದಲ್ಲಿ ಮೊದಲ ಮೂರು ರಚನೆಗಳನ್ನು ಮುದ್ರಿಸಿಕೊಂಡ ಯಂತ್ರ ತುಸು ನಿಧಾನವಾಗಿ ಓಡುತ್ತಿತ್ತು. ಆ ಟೇಪನ್ನು ಸರಿಯಾದ ವೇಗದಲ್ಲಿ ಹಾಕಿದರೆ ಶ್ರುತಿ ಮೇಲೇರುತ್ತದೆ. ಹಾಗಾಗಿ ಎಲ್‌ಪಿಯ ಮೊದಲ ಮೈ (ಸೈಡ್) ಪೂರ್ತಿ ಮೂವತ್ತಮೂರು ವರ್ಷ ತಪ್ಪು ಶ್ರುತಿಯಲ್ಲೇ ಮಾರಾಟವಾಯಿತು. ಸರಿಯಾಗಿದ್ದು 1992ರ ಮರುಮುದ್ರಣದಲ್ಲಿ, ಅದೂ ಪಕ್ಕದ ಇನ್ನೊಂದು ಯಂತ್ರದಲ್ಲಿ ಮುದ್ರಿಸಿಟ್ಟಿದ್ದ ಮೀಸಲು ಟೇಪನ್ನು ಬಳಸಿದ್ದರಿಂದ. ರೆಕಾರ್ಡ್ ಜೊತೆ ಪಿಯಾನೊ ನುಡಿಸಲು ಹೋಗಿ, ತನ್ನ ವಾದ್ಯದ ಶ್ರುತಿಯೇ ಕೆಟ್ಟಿದೆ ಅಂದುಕೊಂಡವರು ಅದೆಷ್ಟು ಜನವೋ ಪಾಪ. ಮೂಲ ಮುದ್ರಣವೇ ಯಾವಾಗಲೂ ಮೇಲು ಎನ್ನುವ ಮಾತನ್ನು ಆ ಮೇಲೆ ನಾನು ಹಾಗೇ ಒಪ್ಪಿಕೊಂಡಿಲ್ಲ.

ಈಗ ಕಪಾಟಿನ ಮುಖ್ಯ ಸಾಲಿಗೆ ಬರೋಣ. ಜಾಝ್ ರೆಕಾರ್ಡ್ ಕಂಪನಿಯಾದ ಬ್ಲೂ ನೋಟ್‌ನವರು 2019ರಲ್ಲಿ, ಕಂಪನಿಗೆ ಎಂಬತ್ತು ತುಂಬಿದಾಗ ಶುರು ಮಾಡಿದ ಟೋನ್ ಪೊಯೆಟ್ ಸರಣಿಯ ನಲವತ್ತಕ್ಕೂ ಹೆಚ್ಚು ಎಲ್‌ಪಿ ನನ್ನಲ್ಲಿವೆ. ಆಯ್ಕೆ ಮತ್ತು ಉಸ್ತುವಾರಿ ಜೋ ಹಾರ್ಲಿಯದು, ಟೇಪಿನಿಂದ ಲ್ಯಾಕರ್ ಕೊರೆಯುವವನು ಕೆವಿನ್ ಗ್ರೇ, ಒತ್ತುವುದು ಕ್ಯಾಲಿಫೋರ್ನಿಯಾದ ಆರ್‌ಟಿಐ ಕಾರ್ಖಾನೆ. ಇದನ್ನು ನೇರವಾಗಿ ಹೇಳಿಕೊಳ್ಳುತ್ತಾರೆ, ಅದೇ ಅರ್ಧ ಗೆಲುವು. ದಪ್ಪ ರಟ್ಟಿಗೆ ಕಾಗದ ಅಂಟಿಸಿದ ಹಳೆಯ ಕಾಲದ ಲಕೋಟೆ. ಒಳಗೆ ಫ್ರಾನ್ಸಿಸ್ ವೂಲ್ಫ್ ತೆಗೆದ ಫೋಟೊಗಳು ಪೂರ್ತಿ ಅಗಲದಲ್ಲಿ. ಸಿಗರೇಟು ಹೊಗೆಯ ಮಧ್ಯೆ ಬೆವರಿದ ಆ ಮುಖಗಳನ್ನು ನೋಡುತ್ತಾ ಕೂತರೆ ಒಂದು ಮೈ ಮುಗಿದದ್ದೇ ಗೊತ್ತಾಗುವುದಿಲ್ಲ.

ಸದ್ದಿನ ಬಗ್ಗೆ ಹೇಳುವ ಮೊದಲು ರೂಡಿ ವ್ಯಾನ್ ಗೆಲ್ಡರ್ ವಿಷಯ ಹೇಳಲೇಬೇಕು. ಹಗಲು ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಬರೆದುಕೊಡುತ್ತಿದ್ದ ಮನುಷ್ಯ, ಬಿಡುವಿನಲ್ಲಿ ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ಅಪ್ಪ-ಅಮ್ಮನ ಮನೆಯ ಹಜಾರದಲ್ಲೇ ಬ್ಲೂ ನೋಟ್‌ನ ರೆಕಾರ್ಡಿಂಗ್ ಮಾಡುತ್ತಿದ್ದ. 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೊ ಕಟ್ಟಿದ. ಆಗಿನ ಅಗ್ಗದ ಪ್ಲೇಯರ್‌ಗಳಲ್ಲಿ ಮುಳ್ಳು ಎಗರದಂತೆ ಆತ ಎಲ್‌ಪಿ ಕೊರೆಯುವಾಗ ತಗ್ಗಿನ ಸ್ವರಗಳನ್ನು ಅದುಮಿಡುತ್ತಿದ್ದ. ಟೇಪಿನಲ್ಲಿ ಅವು ಇದ್ದೇ ಇದ್ದವು. ಈ ಸರಣಿಯಲ್ಲಿ ಪಾಲ್ ಚೇಂಬರ್ಸ್‌ನ ಡಬಲ್ ಬಾಸ್ ಬರೀ ಗುಂಯ್ ಅನ್ನುವುದಿಲ್ಲ. ತಂತಿ ಮೀಟಿದ ಬೆರಳು, ಆಮೇಲೆ ಮರದ ಒಡಲು, ಎರಡೂ ಬೇರೆ ಬೇರೆಯಾಗಿ ಕೇಳುತ್ತವೆ. ಪಿಯಾನೊ ಮಾತ್ರ ಈಗಲೂ ಪೆಟ್ಟಿಗೆಯೊಳಗಿಂದ ಬಂದಂತಿದೆ. ಅದು ವ್ಯಾನ್ ಗೆಲ್ಡರ್‌ನ ಕೈಗುಣ, ಮರುಮುದ್ರಿಸುವವರು ಏನೂ ಮಾಡಲಾಗದು. ಆರಂಭದ ಸ್ಟೀರಿಯೊದಲ್ಲಿ ತುತ್ತೂರಿಯೆಲ್ಲ ಒಂದು ಗೋಡೆಗೆ, ಡ್ರಮ್ಸ್ ಎದುರು ಗೋಡೆಗೆ ಅಂಟಿಕೊಂಡಿರುತ್ತವೆ. ಹೆಡ್‌ಫೋನ್‌ನಲ್ಲಿ ಕೇಳುವವರಿಗೆ ಇದು ಹಿಂಸೆ. ಸ್ಪೀಕರ್‌ನಲ್ಲಿ ಹತ್ತು ನಿಮಿಷಕ್ಕೆ ಹೊಂದಿಕೊಳ್ಳುತ್ತದೆ.

ಇದರ ತಮ್ಮನಂತೆ 2020ರ ಕೊನೆಯಲ್ಲಿ ಕ್ಲಾಸಿಕ್ ವಿನೈಲ್ ಸರಣಿ ಬಂತು. ಕೊರೆಯುವವನು ಅದೇ ಕೆವಿನ್ ಗ್ರೇ, ಒತ್ತುವುದು ಜರ್ಮನಿಯ ಆಪ್ಟಿಮಲ್, ಲಕೋಟೆ ಸಾದಾ. ಸ್ನೇಹಿತರ ಮುಂದೆ ಎರಡನ್ನೂ ಮರೆಮಾಡಿ ಹಾಕಿದಾಗ ಬಹಳ ಸಲ ಗುರುತಿಸಲು ಸೋತಿದ್ದೇವೆ, ನಾನೂ ಸೇರಿ. ಲಕೋಟೆಯ ಮೋಹ ಇಲ್ಲದವರು ಇದನ್ನೇ ಕೊಳ್ಳಿ. 2023ರಲ್ಲಿ ಮತ್ತೆ ಶುರುವಾದ ಒರಿಜಿನಲ್ ಜಾಝ್ ಕ್ಲಾಸಿಕ್ಸ್ ಸರಣಿಯಲ್ಲೂ ಪ್ರೆಸ್ಟೀಜ್, ರಿವರ್‌ಸೈಡ್ ಎಂಬ ಹಳೆಯ ಕಂಪನಿಗಳ ಒಳ್ಳೊಳ್ಳೆಯ ಎಲ್‌ಪಿಗಳು ಬರುತ್ತಿವೆ. ನನ್ನಲ್ಲಿ ಆರೇ ಇವೆ, ಆರೂ ಚೆನ್ನಾಗಿವೆ.

ಕೈ ಸುಟ್ಟುಕೊಂಡದ್ದು ಬೇರೆ ಕಡೆ. ಯುರೋಪಿನಲ್ಲಿ ಧ್ವನಿಮುದ್ರಣಗಳಿಗೆ ಐವತ್ತು ವರ್ಷದ ಹಕ್ಕಿತ್ತು. 2011ರ ನಿಯಮದಿಂದ ಅದು ಎಪ್ಪತ್ತಾಯಿತು, ಆದರೆ 1963ಕ್ಕೂ ಮುಂಚೆ ಹೊರಬಂದವು ಆಗಲೇ ಕೈಜಾರಿದ್ದವು. ಅಂದರೆ ಜಾಝ್‌ನ ಬಂಗಾರದ ಕಾಲವೆಲ್ಲ ಅಲ್ಲಿ ಯಾರು ಬೇಕಾದರೂ ಮುದ್ರಿಸಬಹುದಾದ ಮಾಲು. ಮೂಲ ಟೇಪು ಹಾಗೆ ಮುದ್ರಿಸುವವರ ಕೈಗೆ ಸಿಗುವುದಿಲ್ಲ, ಸಿಡಿಯಿಂದಲೋ ಯಾವುದೋ ಹಳೆಯ ಎಲ್‌ಪಿಯಿಂದಲೋ ಎತ್ತಿ ಹಾಕುತ್ತಾರೆ. ಮೊದಲ ಎರಡು ವರ್ಷ ಇಂಥವು ಹದಿನೈದು ಕೊಂಡೆ. ಒಂದರಲ್ಲಂತೂ ಹಾಡಿನ ನಡುವೆ ಯಾರದ್ದೋ ಹಳೆಯ ಎಲ್‌ಪಿಯ ಗೀರು ಟಕ್ ಟಕ್ ಅನ್ನುತ್ತಿತ್ತು. ಹೊಚ್ಚ ಹೊಸ ತಟ್ಟೆಯಲ್ಲಿ, ಬೇರೆ ಯಾರೋ ಮಾಡಿದ ಗೀರು! ಮೇಲೆ ಥಳುಕು, ಒಳಗೆ ಹುಳುಕು. ಹದಿನೈದರಲ್ಲಿ ಹದಿನಾಲ್ಕು ಮಾರಿದೆ. ಗೀರಿನದ್ದನ್ನು ಬಂದವರಿಗೆ ಕೇಳಿಸಲು ಇಟ್ಟುಕೊಂಡಿದ್ದೇನೆ.

ಹಾಗಂತ ಡಿಜಿಟಲ್ ಅಂದ ಕೂಡಲೇ ಮೂಗು ಮುರಿಯುವವನಲ್ಲ. ಪೂರ್ತಿ ಅನಲಾಗ್ ಎಂದು ಜನ ನಂಬಿದ್ದ ಒಂದು ಹೆಸರಾಂತ ಕಂಪನಿಯ ಎಲ್‌ಪಿಗಳಲ್ಲಿ ನಡುವೆ ಡಿಜಿಟಲ್ ಹಂತವಿದೆ ಎಂಬುದು 2022ರಲ್ಲಿ ಹೊರಬಿದ್ದಾಗ ದೊಡ್ಡ ಗಲಾಟೆಯಾಯಿತು. ಹಿಂದಿನ ವಾರದವರೆಗೂ ಅವೇ ಎಲ್‌ಪಿಗಳ ‘ಅನಲಾಗ್ ಬೆಚ್ಚಗೆ’ಯನ್ನು ಹೊಗಳಿದವರೇ ಬೈದರು. ನನ್ನ ತಕರಾರು ಸದ್ದಿನ ಬಗ್ಗೆ ಅಲ್ಲ, ಹೇಳದೆ ಇದ್ದುದರ ಬಗ್ಗೆ.

ಒತ್ತುವುದರಲ್ಲಿ ಆಗುವ ತಪ್ಪುಗಳು ಎಲ್ಲ ಸರಣಿಯಲ್ಲೂ ಇವೆ. ನನ್ನ ಲೆಕ್ಕದಲ್ಲಿ ಹತ್ತಕ್ಕೊಂದು ಏನಾದರೂ ಊನ ಹೊತ್ತು ಬರುತ್ತದೆ. ನಡುವಿನ ತೂತು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದ್ದರೂ ಸ್ವರ ತೂಗಾಡುತ್ತದೆ. ಡ್ರಮ್ಸ್‌ನಲ್ಲಿ ಗೊತ್ತಾಗದು, ಪಿಯಾನೊದ ಎಳೆದ ಸ್ವರದಲ್ಲಿ ಹೊಟ್ಟೆ ತೊಳಸಿದಂತಾಗುತ್ತದೆ. ಮುಳ್ಳು ಹೊತ್ತ ತೋಳನ್ನು (ಟೋನ್‌ಆರ್ಮ್) ಪಕ್ಕದಿಂದ ನೋಡಿ, ಎಡಕ್ಕೂ ಬಲಕ್ಕೂ ಓಲಾಡುತ್ತಿದ್ದರೆ ಅದೇ. ಇನ್ನೊಂದು, ಬಿಸಿ ಪಿವಿಸಿ ಗೆರೆಯೊಳಗೆ ಪೂರ್ತಿ ತುಂಬದೆ ಉಳಿದಾಗ ಬರುವ ಸದ್ದು, ಬಟ್ಟೆ ಹರಿದಂತೆ ಪರ್ ಪರ್. ಎಷ್ಟು ತೊಳೆದರೂ ಹೋಗುವುದಿಲ್ಲ. ಒಂದು ಅಂಗಡಿಯವರು ಈ ಸದ್ದಿಗೆ ನನ್ನ ಮುಳ್ಳನ್ನೇ ದೂರಿ, ವಿಡಿಯೊ ಕೇಳಿ, ಮೂರು ವಾರ ಸತಾಯಿಸಿ ಬದಲಿಗೆ ಕಳಿಸಿದ್ದೂ ಅದೇ ಊನದ ತಟ್ಟೆ. ಒಂದೇ ಸ್ಟ್ಯಾಂಪರ್‌ನಲ್ಲಿ, ಅಂದರೆ ಒಂದೇ ಅಚ್ಚಿನಲ್ಲಿ, ಒತ್ತಿದ್ದಿರಬೇಕು. ಅಲ್ಲಿ ವ್ಯಾಪಾರ ಮುಗಿಸಿದೆ.

ಸಿನಿಮಾ ಸಂಗೀತದ್ದು ಬೇರೆಯೇ ಗೋಜಲು. ಇಲ್ಲಿ ಮೊದಲ ಪ್ರಶ್ನೆ ಸದ್ದು ಹೇಗಿದೆ ಅಲ್ಲ, ಇದು ನಿಜವಾಗಿ ಸಿನಿಮಾದಲ್ಲಿದ್ದ ಸಂಗೀತವೇ ಎಂಬುದು. ಹಾಲಿವುಡ್‌ನಲ್ಲಿ ಚಿತ್ರಕ್ಕೆ ನುಡಿಸಿದ್ದನ್ನೇ ಎಲ್‌ಪಿಗೆ ಬಳಸಿದರೆ ವಾದ್ಯಗಾರರ ಸಂಘಕ್ಕೆ ಮತ್ತೆ ಸಂಭಾವನೆ ಕೊಡಬೇಕಿತ್ತು. ಹಾಗಾಗಿ ಎಷ್ಟೋ ಸಲ ಹೊಸದಾಗಿ, ಸುಲಲಿತವಾಗಿ ಮತ್ತೆ ನುಡಿಸಿ ಮುದ್ರಿಸುತ್ತಿದ್ದರು. ಸಂಗೀತ ನಿರ್ದೇಶಕ ಹೆನ್ರಿ ಮ್ಯಾನ್ಸಿನಿಯ ಪ್ರಸಿದ್ಧ ಎಲ್‌ಪಿಗಳು ಬಹುಪಾಲು ಹೀಗೆ. ‘ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್’ 1961ರದ್ದು, ಆದರೆ ತೆರೆಯ ಮೇಲೆ ಕೇಳಿಬಂದ ಮೂಲ ರೆಕಾರ್ಡಿಂಗ್ ಹೊರಬಂದದ್ದು 2013ರಲ್ಲಿ. ಎಲ್‌ಪಿಯನ್ನು ತೆಗಳುತ್ತಿಲ್ಲ, ಕೇಳಲು ಅದೇ ಸೊಗಸು. ಆದರೆ ಚಿತ್ರದ ನೆನಪಿನಲ್ಲಿ ಕೊಂಡವನಿಗೆ ಎಲ್ಲೋ ಏನೋ ತಪ್ಪಿದಂತಾಗುತ್ತದೆ.

ನನಗೆ ಹಾಗಾಗಿದ್ದು ‘ಟ್ಯಾಕ್ಸಿ ಡ್ರೈವರ್’ನಲ್ಲಿ. ಚಿತ್ರದ ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಅದರ ರೆಕಾರ್ಡಿಂಗ್ ಮುಗಿಸಿ, 1975ರ ಡಿಸೆಂಬರ್ 24ರಂದು ತೀರಿಕೊಂಡ. ಆ ಒಂಟಿ ಸ್ಯಾಕ್ಸಫೋನ್‌ಗಾಗಿ ಹಳೆಯ ಎಲ್‌ಪಿ ಹುಡುಕಿ ತಂದು ಹಾಕಿದರೆ ಮೊದಲ ಮೈಯಲ್ಲಿ ಡೇವ್ ಬ್ಲೂಮ್ ಹೊಂದಿಸಿ ನುಡಿಸಿದ ನಯವಾದ ಜಾಝ್! ಹರ್ಮನ್‌ನ ಆ ಕತ್ತಲೆ, ಹಿತ್ತಾಳೆ ವಾದ್ಯಗಳ ಆ ಗುಡುಗು ಎಲ್ಲಿ ಹೋಯಿತು? ಚಿತ್ರದ ಸಂಗೀತ ತೃಪ್ತಿಯಾಗುವಷ್ಟು ಸಿಕ್ಕಿದ್ದು 1998ರ ಆವೃತ್ತಿಯಲ್ಲಿ.

ಅದೇ ಹರ್ಮನ್‌ನ ‘ವರ್ಟಿಗೊ’ 1958ರದ್ದು. ಅಮೆರಿಕದಲ್ಲಿ ವಾದ್ಯಗಾರರ ಮುಷ್ಕರವಿದ್ದ ಕಾರಣ ಲಂಡನ್‌ನಲ್ಲಿ ಮ್ಯೂರ್ ಮ್ಯಾಥಿಸನ್ ನಿರ್ದೇಶನದಲ್ಲಿ ಮುದ್ರಿಸಲು ಹೊರಟರು. ಅಲ್ಲೂ ತಡೆ ಬಂದು ಉಳಿದದ್ದನ್ನು ವಿಯೆನ್ನಾಕ್ಕೆ ಒಯ್ದರು. ಲಂಡನ್‌ನದ್ದು ಸ್ಟೀರಿಯೊ, ವಿಯೆನ್ನಾದ್ದು ಮೋನೊ. ಇದು ಗೊತ್ತಿಲ್ಲದೆ ನಡುವೆ ಸದ್ದು ಕುಗ್ಗಿದ್ದಕ್ಕೆ ಒಂದು ಸಂಜೆಯೆಲ್ಲ ವೈರ್ ಕಿತ್ತು ಹಾಕಿ ಕಿತ್ತು ಹಾಕಿ ಕೂತಿದ್ದೆ.

ಇಡೀ ಕಪಾಟಿನಲ್ಲಿ ಅತಿ ಹೆಚ್ಚು ಸವೆದಿರುವುದು ಲೂಯಿ ಮಾಲ್‌ನ 1958ರ ಚಿತ್ರಕ್ಕೆ ಮೈಲ್ಸ್ ಡೇವಿಸ್ ನುಡಿಸಿದ್ದು. 1957ರ ಡಿಸೆಂಬರ್‌ನಲ್ಲಿ ಪ್ಯಾರಿಸ್ಸಿನ ಸ್ಟುಡಿಯೊದಲ್ಲಿ ದೃಶ್ಯಗಳನ್ನು ಮತ್ತೆ ಮತ್ತೆ ಓಡಿಸುತ್ತ, ಅವನ್ನು ನೋಡುತ್ತಲೇ ಐವರು ಆಶುವಾಗಿ ನುಡಿಸಿದರು. ಕೈಯಲ್ಲಿದ್ದದ್ದು ಕೆಲವು ಸ್ವರಗಳ ಗುರುತು ಅಷ್ಟೆ. ಆಗಿನ ಎಲ್‌ಪಿಯಲ್ಲಿ ಮೇಲಿಂದ ಪ್ರತಿಧ್ವನಿ ಬೆರೆಸಿದ್ದರು. 1988ರಲ್ಲಿ ಎಲ್ಲ ಟೇಕ್‌ಗಳೂ ಬಂದಾಗ ಬೆರಕೆಯಿಲ್ಲದ ಸದ್ದೂ ಸಿಕ್ಕಿತು. ಶುದ್ಧವಾದದ್ದು ಬೇಕೆಂದು ಹಟ ಹಿಡಿಯುವ ನಾನು ಇಲ್ಲಿ ಮಾತ್ರ ಸೋತೆ. ಪ್ರತಿಧ್ವನಿ ತೆಗೆದರೆ ಐದು ಜನ ಕೋಣೆಯಲ್ಲಿ ನುಡಿಸುತ್ತಾರೆ; ಇದ್ದರೆ ಚಿತ್ರದ ನಾಯಕಿ ಜಾನ್ ಮೊರೊ ಆ ರಾತ್ರಿ ಬೀದಿಯಲ್ಲಿ ನಡೆಯುತ್ತಾಳೆ.

ಈಗಿನ ಸಿನಿಮಾ ಎಲ್‌ಪಿ ತಯಾರಕರ ಬಗ್ಗೆ ಎರಡು ದೂರು. ಒಂದು ಬಣ್ಣ. ರಕ್ತ ಚೆಲ್ಲಿದಂತೆ, ಹೊಗೆ ಸುಳಿದಂತೆ, ಕತ್ತಲಲ್ಲಿ ಮಿನುಗುವಂತೆ, ಒಂದೇ ಸಂಗೀತಕ್ಕೆ ನಾಲ್ಕು ಬಣ್ಣದ ತಟ್ಟೆ. ನನ್ನಲ್ಲಿದ್ದ ಬಣ್ಣ ಚಿಮುಕಿಸಿದ ಒಂಬತ್ತರಲ್ಲಿ ಆರು ಕಪ್ಪಿಗಿಂತ ಹೆಚ್ಚು ಗದ್ದಲ ಮಾಡುತ್ತಿದ್ದವು. ಮೆಲುವಾದ ತಂತಿವಾದ್ಯದ ನಡುವೆ ಅದು ಸಹಿಸಲಾಗದು. ಚಿತ್ರ ಅಚ್ಚಾದ ತಟ್ಟೆಗಳಂತೂ ಗೋಡೆಗೇ ಲಾಯಕ್ಕು. ಎರಡನೆಯದು ‘ಸಂಪೂರ್ಣ ಸಂಗೀತ’ದ ಹುಚ್ಚು. ನಲವತ್ತು ಸೆಕೆಂಡಿನ ತುಣುಕುಗಳನ್ನೂ ಬಿಡದೆ ಎರಡು ಎಲ್‌ಪಿಗೆ ತುಂಬುತ್ತಾರೆ. ಬಾಗಿಲು ತೆರೆದ ಸಂಗೀತ, ಬಾಗಿಲು ಮುಚ್ಚಿದ ಸಂಗೀತ. ದಾಖಲೆಗೆ ಒಳ್ಳೆಯದೇ, ಅದರಲ್ಲೂ ಹಳೆಯ ಮ್ಯಾಗ್ನೆಟಿಕ್ ಫಿಲ್ಮ್‌ಗಳು ವಿನೆಗರ್ ವಾಸನೆ ಹಿಡಿದು ಸುರುಟಿ ನಾಶವಾಗುತ್ತಿರುವಾಗ. ಆದರೆ ಎದೆ ಮುಟ್ಟಿ ಹೇಳುತ್ತೇನೆ, ಅಂಥ ಸೆಟ್‌ಗಳಲ್ಲಿ ಮುಕ್ಕಾಲು ಪಾಲನ್ನು ಒಮ್ಮೆ ಕೇಳಿ ಒಳಗಿಟ್ಟವನು ಮತ್ತೆ ತೆಗೆದಿಲ್ಲ. ಡ್ಯೂಕ್ ಎಲಿಂಗ್ಟನ್ 1959ರಲ್ಲಿ ‘ಅನಾಟಮಿ ಆಫ್ ಎ ಮರ್ಡರ್’ಗೆ ಮಾಡಿದ ಎಲ್‌ಪಿ ಚಿತ್ರವನ್ನೇ ನೋಡದವರಿಗೂ ಹಿಡಿಸುತ್ತದೆ.

ಇಟ್ಟುಕೊಳ್ಳುವ ವಿಚಾರದಲ್ಲಿ ಒಂದೇ ಮಾತು: ಮೆತ್ತನೆಯ ಪಿವಿಸಿ ಹೊರಚೀಲ ಬೇಡ. ಎರಡು ವರ್ಷ ಹಾಗಿಟ್ಟ ನಾಲ್ಕು ಎಲ್‌ಪಿಗಳ ಮೇಲೆ ಮಂಜು ಹಿಡಿದಂತೆ ಕಲೆ ಬಿದ್ದು, ಸುಂಯ್ ಅನ್ನುವ ಸದ್ದು ಸೇರಿಕೊಂಡಿತು. ತೊಳೆದರೂ ಹೋಗಲಿಲ್ಲ. ಪಾಲಿಪ್ರೊಪಿಲೀನ್ ಅಥವಾ ಪಾಲಿಥೀನ್ ಚೀಲ ಸಾಕು.

ಅಂಕ ಕೊಡಬೇಕಲ್ಲ: ಟೋನ್ ಪೊಯೆಟ್‌ಗೆ ಐದಕ್ಕೆ ನಾಲ್ಕೂವರೆ, ಅರ್ಧ ಹೋಗಿದ್ದು ವಾಪಸ್ ಕಳಿಸಿದ ಮೂರಕ್ಕೆ. ಕ್ಲಾಸಿಕ್ ವಿನೈಲ್‌ಗೂ ಅಷ್ಟೇ. ಸಿನಿಮಾ ಎಲ್‌ಪಿಗಳಿಗೆ ಒಟ್ಟಾಗಿ ಮೂರು, ಅದರಲ್ಲಿ ಒಂದು ಬರೀ ಮೈಲ್ಸ್‌ಗೆ. ‘ಟ್ಯಾಕ್ಸಿ ಡ್ರೈವರ್’ನ ಹಳೆಯ ಎಲ್‌ಪಿ ಬೇಕೆ ಎಂದು ಇಬ್ಬರು ಕೇಳಿದ್ದರು. ಎರಡು ಸಲವೂ ಪ್ಯಾಕ್ ಮಾಡುವ ಮುನ್ನ ಕೊನೆಯ ಬಾರಿ ಎಂದು ಹಾಕಿದೆ, ಎರಡು ಸಲವೂ ಮತ್ತೆ ಕಪಾಟಿಗೇ ಇಟ್ಟೆ. ಆ ಬ್ಲೂಮ್‌ನ ನಯವಾದ ಜಾಝ್ ಈಗ ರೂಢಿಯಾಗಿಬಿಟ್ಟಿದೆ.