ದೋಸೆಗೆ ತಂದ ಸ್ಕಿಲೆಟ್, ರೊಟ್ಟಿಗೆ ನಿಂತಿತು: ನಾಲ್ಕು ವರ್ಷದ ಬಳಕೆಯ ಮೇಲೆ

2021ರಲ್ಲಿ ದೋಸೆಗೆ ಅಂತಲೇ ಹತ್ತು ಇಂಚಿನ ಕಾಸ್ಟ್ ಐರನ್ ಸ್ಕಿಲೆಟ್, ಅಂದರೆ ಬೀಡು ಕಬ್ಬಿಣದ ಹಿಡಿಯಿರುವ ಚಪ್ಪಟೆ ಬಾಣಲೆ, ತರಿಸಿದ್ದೆ. ಸುಮಾರು 1,600 ರೂಪಾಯಿ ಆಯಿತು. ದೋಸೆಗೆ ಅದು ಆಗಿಬರಲೇ ಇಲ್ಲ. ಸುತ್ತಲೂ ಎತ್ತರದ ಅಂಚು, ಮಗುಚುವ ಕೈ ಓರೆಯಾಗಿ ಒಳಗೆ ಹೋಗುವುದಿಲ್ಲ. ಎರಡು ತಿಂಗಳಿಗೇ ಅದು ಕಪಾಟಿನ ಮೂಲೆ ಸೇರಿತು. ಈಗ ವಾರಕ್ಕೆ ಎರಡು ಸಲ ಒಲೆ ಏರುತ್ತದೆ, ಆದರೆ ಯೀಸ್ಟ್ ಹಾಕಿದ ದಪ್ಪ ರೊಟ್ಟಿಗೆ.

ನಾನು ಮಾಡುವುದು ಬಜ್ಲಮಾ. ಟರ್ಕಿಯ ಹಳ್ಳಿಗಳ ರೊಟ್ಟಿ. ಅಲ್ಲಿ ಕಬ್ಬಿಣದ ತಗಡಿನ ಮೇಲೆ ಬೇಯಿಸುತ್ತಾರೆ, ಓವನ್ನಿನ ಗೊಡವೆಯೇ ಇಲ್ಲ. ಹಿಟ್ಟಿಗೆ ಮೊಸರು ಬೀಳುತ್ತದೆ ಅಂದಾಗಲೇ ನನಗೆ ಇದು ನಮ್ಮ ಅಡುಗೆಮನೆಗೆ ಒಗ್ಗುತ್ತದೆ ಅನ್ನಿಸಿತು. ಮೊದಲ ಸಲ ಅಮ್ಮ ನೋಡಿ, "ಇದೇನೇ, ಚಪಾತಿಗೆ ಬಾವು ಬಂದಿದೆ" ಅಂದರು. ಈಗ ಎಣ್ಣೆಗಾಯಿ ಮಾಡಿದ ದಿನ ಅವರೇ ಕೇಳುತ್ತಾರೆ.

ನನ್ನ ಅಳತೆ ಹೀಗೆ: 300 ಗ್ರಾಂ ಮೈದಾ, 100 ಗ್ರಾಂ ಗೋಧಿ ಹಿಟ್ಟು, 100 ಗ್ರಾಂ ಮೊಸರು, ಸುಮಾರು 200 ಮಿಲಿ ನೀರು, 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್, ಒಂದು ಚಮಚ ಉಪ್ಪು, ಒಂದು ಚಮಚ ಎಣ್ಣೆ. ಆರು ರೊಟ್ಟಿ ಆಗುತ್ತವೆ. ಹಿಟ್ಟು ಕೈಗೆ ಅಂಟಬೇಕು. ಚಪಾತಿ ಹಿಟ್ಟಿನ ಹದಕ್ಕೆ ತಂದು ಮೂರು ತಿಂಗಳು ಕೆಟ್ಟೆ ನಾನು. ಅಂಟುತ್ತದೆ ಅಂತ ಹಿಟ್ಟು ಸುರಿಯುತ್ತಿದ್ದೆ, ರೊಟ್ಟಿ ಸಂಜೆಗೆ ಬಿಸ್ಕತ್ತಾಗುತ್ತಿತ್ತು. ಇನ್ನೊಂದು ಸಲ ಬೇಗ ಉಬ್ಬಲಿ ಅಂತ ಸ್ನಾನದ ನೀರಿಗಿಂತ ಬಿಸಿಯಾದ ನೀರು ಹಾಕಿದೆ. ಯೀಸ್ಟ್ ಸತ್ತೇ ಹೋಯಿತು. ಎರಡು ಗಂಟೆ ಕಾದರೂ ಹಿಟ್ಟು ಅಲುಗಲಿಲ್ಲ. ಬೆರಳಿಗೆ ಉಗುರುಬೆಚ್ಚಗೆ ಇದ್ದರೆ ಸಾಕು. ನಮ್ಮ ಮೈಸೂರಿನ ಏಪ್ರಿಲ್‌ನಲ್ಲಿ ಒಂದು ಗಂಟೆಗೆ ಹಿಟ್ಟು ಎರಡರಷ್ಟಾಗುತ್ತದೆ, ಡಿಸೆಂಬರ್‌ನಲ್ಲಿ ಎರಡು ಗಂಟೆ ಬೇಕು. ಇಡ್ಲಿ ಹಿಟ್ಟು ಕಾದವರಿಗೆ ಇದೆಲ್ಲ ಹೊಸದಲ್ಲ, ಅಲ್ವಾ?

ಇನ್ನು ಸ್ಕಿಲೆಟ್ ವಿಷಯ. ಬೀಡು ಕಬ್ಬಿಣ ನಿಧಾನವಾಗಿ ಕಾಯುತ್ತದೆ, ಕಾದ ಮೇಲೆ ಕಾವು ಬಿಟ್ಟುಕೊಡುವುದಿಲ್ಲ. ಈ ರೊಟ್ಟಿಗೆ ಬೇಕಾದದ್ದು ಅದೇ. ತಣ್ಣಗಿನ ಹಿಟ್ಟು ಬಿದ್ದರೂ ಪಾತ್ರೆ ಸುಸ್ತಾಗುವುದಿಲ್ಲ, ರೊಟ್ಟಿ ಒಣಗುವಷ್ಟು ಹೊತ್ತು ಒಲೆಯ ಮೇಲೆ ಇರಬೇಕಿಲ್ಲ. ತೆಳು ನಾನ್‌ಸ್ಟಿಕ್ ತವಾದಲ್ಲಿ ಇದೇ ಹಿಟ್ಟು ಹಾಕಿ ನೋಡಿದ್ದೇನೆ. ಮೊದಲ ರೊಟ್ಟಿ ಬಿಳಿಚಿಕೊಂಡಿತು, ಬಣ್ಣ ಬರುವ ಹೊತ್ತಿಗೆ ರಟ್ಟಿನಂತೆ ಗಟ್ಟಿಯಾಗಿತ್ತು.

ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಕಾಯಿಸುತ್ತೇನೆ, ಎಣ್ಣೆ ಇಲ್ಲದೆ. ನೀರು ಚಿಮುಕಿಸಿದರೆ ಚುಂಯ್ ಅಂತ ಆರಿಹೋದರೆ ಹದ ಸರಿ. ಹನಿ ಗೋಲಿಯಂತೆ ಉರುಳಾಡಿದರೆ ಕಾವು ಜಾಸ್ತಿ. ಆಗ ಹಾಕಿದರೆ ಮೇಲೆ ಕಪ್ಪು, ಒಳಗೆ ಹಸಿ. ಹದಕ್ಕೆ ಬಿದ್ದ ರೊಟ್ಟಿಯನ್ನು ನೋಡುವುದೇ ಒಂದು ಚಂದ. ಅರ್ಧ ನಿಮಿಷಕ್ಕೆ ಮೇಲೆ ಸಣ್ಣ ಗುಳ್ಳೆ ಏಳುತ್ತವೆ, ಆಮೇಲೆ ಇಡೀ ರೊಟ್ಟಿ ಉಸಿರೆಳೆದುಕೊಂಡ ಹಾಗೆ ನಿಧಾನವಾಗಿ ಮೇಲೇಳುತ್ತದೆ. ಪ್ರತಿ ಬದಿಗೆ ಎರಡೂವರೆ ನಿಮಿಷ. ತೆಗೆದ ತಕ್ಷಣ ದಪ್ಪ ಪಂಚೆ ಬಟ್ಟೆಯಲ್ಲಿ ಸುತ್ತಿಡಿ. ಅದರದ್ದೇ ಹಬೆಗೆ ಮೇಲಿನ ಪದರ ಮೆತ್ತಗಾಗುತ್ತದೆ. ಒಂದು ರೊಟ್ಟಿಗೂ ಇನ್ನೊಂದಕ್ಕೂ ನಡುವೆ ಒಣ ಬಟ್ಟೆಯಿಂದ ಸ್ಕಿಲೆಟ್ ಒರೆಸುವುದನ್ನು ಮರೆಯಬೇಡಿ. ಉದುರಿದ ಹಿಟ್ಟು ಸುಟ್ಟು ಮುಂದಿನ ರೊಟ್ಟಿಗೆ ಕಹಿ ಹತ್ತಿಸುತ್ತದೆ.

ಚಪಾತಿ ಮಾಡಿದ ಕಾವಲಿಯಲ್ಲಿ ದೋಸೆ ಏಳುವುದಿಲ್ಲ ಅಂತ ಮನೆಗಳಲ್ಲಿ ಎರಡು ಕಾವಲಿ ಇಡುತ್ತಾರಲ್ಲ, ಅದು ಸುಮ್ನೆ ಮಾತಲ್ಲ. ಎಣ್ಣೆಯಿಲ್ಲದೆ ರೊಟ್ಟಿ ಬೇಯಿಸಿ ಬೇಯಿಸಿ ಈ ಸ್ಕಿಲೆಟ್ಟಿನ ನಡುಭಾಗ ಮಂಕಾಗಿದೆ. ದೋಸೆ ಹಾಕಿದರೆ ಅಂಟುತ್ತದೆ, ರೊಟ್ಟಿಗೆ ಏನೂ ತೊಂದರೆಯಿಲ್ಲ.

ದೂರುಗಳೂ ಇವೆ. ಡಬ್ಬಿಯ ಮೇಲೆ "ಮೊದಲೇ ಪಳಗಿಸಿದ್ದು" ಅಂತ ಬರೆದಿತ್ತು. ಮೊದಲ ಸಲ ತೊಳೆದು ಬೋರಲು ಹಾಕಿದ್ದಷ್ಟೇ, ಬೆಳಗ್ಗೆ ಅಂಚಿನ ತುಂಬ ಕೆಂಪು ತುಕ್ಕು. ಉಜ್ಜಿ ತೆಗೆದು, ಎಣ್ಣೆ ತೆಳ್ಳಗೆ ಸವರಿ, ಹೊಗೆಯಾಡುವವರೆಗೆ ಕಾಯಿಸಿ, ಮತ್ತೆ ಸವರಿ, ಹೀಗೆ ನಾಲ್ಕು ಸಲ ನಾನೇ ಪಳಗಿಸಬೇಕಾಯಿತು. ಈಗಲೂ ತೊಳೆದ ಮೇಲೆ ಒಲೆಯ ಮೇಲಿಟ್ಟು ಒಣಗಿಸುತ್ತೇನೆ. ಟೊಮೆಟೊ ಗೊಜ್ಜು ಮಾತ್ರ ಇದರಲ್ಲಿ ಬೇಡ. ಒಮ್ಮೆ ಕುದಿಸಿದ್ದಕ್ಕೆ ಪಳಗಿದ ಪದರ ಕಿತ್ತುಬಂತು, ಗೊಜ್ಜಿಗೂ ಕಬ್ಬಿಣದ ರುಚಿ. ಇಂಡಕ್ಷನ್ ಒಲೆಯಲ್ಲಿ ನಡುವೆ ಮಾತ್ರ ಕಾಯುತ್ತದೆ, ರೊಟ್ಟಿಯನ್ನು ತಿರುಗಿಸುತ್ತಾ ಇರಬೇಕು. ಹಿಡಿಯೂ ಕಬ್ಬಿಣವೇ. ನನ್ನ ಬಲಗೈ ಹೆಬ್ಬೆರಳ ಬುಡದಲ್ಲಿ ಅದರ ಗುರುತಿದೆ.

ದೊಡ್ಡ ಕೊರತೆ ಭಾರ. ಎರಡು ಕಿಲೋ ಮುನ್ನೂರು ಗ್ರಾಂ. ಅಮ್ಮ ಇದನ್ನು ಒಂದೇ ಕೈಯಲ್ಲಿ ಎತ್ತಲಾರರು, ನಾನಿಲ್ಲದ ದಿನ ಮನೆಯಲ್ಲಿ ರೊಟ್ಟಿಯಿಲ್ಲ. ಇವತ್ತು ಕೊಳ್ಳುವುದಾದರೆ ಎಂಟು ಇಂಚಿನದೇ ತರುತ್ತಿದ್ದೆ. ಹೇಗೂ ಒಂದು ಸಲಕ್ಕೆ ಒಂದೇ ರೊಟ್ಟಿ ತಾನೇ ಬೇಯುವುದು.