ಜಾರುವ ಸೀಟ್ ಪೋಸ್ಟ್‌ಗೆ ಗ್ರಿಪ್ ಪೇಸ್ಟ್: ನಾಲ್ಕು ತಿಂಗಳು ಬಳಸಿದ ಮೇಲೆ

ಸೀಟು ಒಂದೇ ಸಲಕ್ಕೆ ದಬಕ್ಕನೆ ಇಳಿದರೆ ತಕ್ಷಣ ಗೊತ್ತಾಗುತ್ತದೆ. ನನ್ನ ಮೌಂಟನ್ ಬೈಕ್‌ದು ಹಾಗಲ್ಲ, ಕದ್ದುಮುಚ್ಚಿ ಇಳಿಯುತ್ತಿತ್ತು. ಹೊರಡುವಾಗ ಎತ್ತರ ಸರಿಯಾಗೇ ಇರುತ್ತಿತ್ತು. ಮುಕ್ಕಾಲು ಗಂಟೆ ಕಲ್ಲು, ಬೇರುಗಳ ಮೇಲೆ ಕುಲುಕಾಡಿ ಆಮೇಲೆ ಒಂದು ಏರು ಬಂದಾಗ, ಯಾಕೋ ಕಾಲು ಪೂರ್ತಿ ಚಾಚುತ್ತಿಲ್ಲವಲ್ಲ, ಮಂಡಿಯ ಮುಂಭಾಗ ಹಿಡಿದ ಹಾಗಾಗುತ್ತಿದೆಯಲ್ಲ ಅನ್ನಿಸುತ್ತಿತ್ತು. ಇಳಿದು ನೋಡಿದರೆ ಪೋಸ್ಟ್, ಅಂದರೆ ಸೀಟನ್ನು ಹೊತ್ತ ಕೊಳವೆ, ಫ್ರೇಮಿನೊಳಗೆ ಎರಡು ಸೆಂಟಿಮೀಟರ್ ಇಳಿದಿರುತ್ತಿತ್ತು.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಬಿಗಿ ಮಾಡಿದೆ. ಮತ್ತೆ ಜಾರಿತು, ಇನ್ನೂ ಬಿಗಿ ಮಾಡಿದೆ. ಕೊನೆಗೆ ಪೋಸ್ಟನ್ನು ಬಿಗಿಹಿಡಿಯುವ ಕ್ಲ್ಯಾಂಪಿನ ಬೋಲ್ಟಿನಲ್ಲಿ ಅಲೆನ್ ಕೀ ಕೂರುವ ಗುಂಡಿ ಸವೆದು ದುಂಡಗಾಗತೊಡಗಿತು. ನಡುವೆ ಒಂದು ಸಲ ಪಾನೀಯದ ಡಬ್ಬಿಯ ತಗಡು ಕತ್ತರಿಸಿ ಒಳಗೆ ಸುತ್ತಿದ್ದೂ ಆಯಿತು. ಎರಡು ಸಲ ಓಡಿಸುವಷ್ಟರಲ್ಲಿ ತಗಡು ಪೋಸ್ಟಿನ ಜೊತೆಗೇ ಕೆಳಗೆ ಜಾರಿತ್ತು, ಅದನ್ನು ಹೊರಗೆ ಎಳೆಯುವಾಗ ಬೆರಳು ಕುಯ್ದುಕೊಂಡಿತು. ದಯವಿಟ್ಟು ಅದನ್ನು ಮಾಡಬೇಡಿ.

ಆಮೇಲೆ ತೆಗೆದುಕೊಂಡಿದ್ದು ಈ ಗ್ರಿಪ್ ಪೇಸ್ಟ್. ಕಾರ್ಬನ್ ಅಸೆಂಬ್ಲಿ ಪೇಸ್ಟ್ ಅಂತಲೂ ಕರೆಯುತ್ತಾರೆ. ಪಾರ್ಕ್ ಟೂಲ್‌ನ ಸೂಪರ್‌ಗ್ರಿಪ್, ಫಿನಿಶ್ ಲೈನ್‌ನ ಫೈಬರ್ ಗ್ರಿಪ್, ಮಕ್-ಆಫ್‌ನ ಕಾರ್ಬನ್ ಗ್ರಿಪ್ಪರ್ ಎಲ್ಲವೂ ಇದೇ ಜಾತಿಯವು. ಜೆಲ್ ಒಳಗೆ ತುಂಬಾ ಸಣ್ಣ ಗಟ್ಟಿ ಕಣಗಳಿರುತ್ತವೆ, ಎರಡು ಬೆರಳ ನಡುವೆ ಉಜ್ಜಿದರೆ ನುಣ್ಣನೆ ಮರಳು ಸಿಕ್ಕಿದ ಹಾಗೆ ಅನ್ನಿಸುತ್ತದೆ. ಕ್ಲ್ಯಾಂಪ್ ಬಿಗಿಯಾದಾಗ ಆ ಕಣಗಳು ಎರಡೂ ಕಡೆಯ ಮೇಲ್ಮೈಗೆ ಕಚ್ಚಿಕೊಳ್ಳುತ್ತವೆ, ಅಷ್ಟೇ ಕೆಲಸ. ಕಾರ್ಬನ್ ಫೈಬರ್ ಭಾಗಗಳನ್ನು ಜಾಸ್ತಿ ಬಿಗಿ ಮಾಡಿದರೆ ಬಿರುಕು ಬಿಡಬಹುದು, ಅದಕ್ಕೆಂದೇ ಇದು ಬಂದಿದ್ದು. ಆದರೆ ಅಲ್ಯೂಮಿನಿಯಂ ಪೋಸ್ಟಿಗೂ ಚೆನ್ನಾಗಿ ಆಗುತ್ತದೆ. ನನ್ನದು ಅಲ್ಯೂಮಿನಿಯಮ್ಮೇ.

ಸುಮ್ನೆ ಟ್ಯೂಬ್ ಒತ್ತಿ ಹಚ್ಚಿಬಿಟ್ಟರೆ ಆಗುವುದಿಲ್ಲ. ಮೊದಲು ಅಳತೆ ನೋಡಿ. ಪೋಸ್ಟಿನ ಕೆಳಭಾಗದಲ್ಲಿ, ಕನಿಷ್ಠ ಇಷ್ಟು ಒಳಗಿರಬೇಕು ಅನ್ನುವ ಗೆರೆಯ ಹತ್ತಿರ, ವ್ಯಾಸವನ್ನು ಸಾಮಾನ್ಯವಾಗಿ ಕೊರೆದಿರುತ್ತಾರೆ: 27.2, 30.9, 31.6 ಹೀಗೆ, ಮಿಲಿಮೀಟರ್‌ನಲ್ಲಿ. 30.9ಕ್ಕೂ 31.6ಕ್ಕೂ ಇರುವ ವ್ಯತ್ಯಾಸ 0.7 ಮಿಲಿಮೀಟರ್, ಕಣ್ಣಿಗೆ ಕಾಣುವುದೇ ಇಲ್ಲ. ನನ್ನ ಗೆಳೆಯನೊಬ್ಬ ಇದೇ ಪೇಸ್ಟ್ ಹಚ್ಚಿ, ಏನೂ ಪ್ರಯೋಜನ ಇಲ್ಲ ಅಂತ ಬೈದುಕೊಂಡಿದ್ದ. ವರ್ನಿಯರ್ ಇಟ್ಟು ನೋಡಿದರೆ 31.6ರ ಫ್ರೇಮಿಗೆ 30.9ರ ಪೋಸ್ಟ್ ಹಾಕಿದ್ದಾನೆ! ಅಲ್ಲಿ ಬೇಕಿದ್ದು ಸರಿಯಾದ ಅಳತೆಯ ಶಿಮ್ (ನಡುವಿನ ಸಂದು ತುಂಬುವ ತೆಳು ತೋಳು), ಪೇಸ್ಟ್ ಅಲ್ಲ. ಬೋಲ್ಟ್ ಪೂರ್ತಿ ಬಿಗಿಯಾದಾಗ ಕ್ಲ್ಯಾಂಪಿನ ಎರಡು ಕಿವಿಗಳು ಒಂದಕ್ಕೊಂದು ತಾಗುತ್ತಿದ್ದರೂ ಅಷ್ಟೇ. ಅದಕ್ಕಿಂತ ಮುಂದೆ ಅದು ಹಿಡಿಯಲಾರದು, ನೀವು ಎಷ್ಟು ತಿರುಗಿಸಿದರೂ ಬೋಲ್ಟಿಗೆ ಶಿಕ್ಷೆ.

ಎರಡನೆಯದು ಕ್ಲೀನಿಂಗ್. ನನ್ನ ಪ್ರಕಾರ ಅರ್ಧ ಕೆಲಸ ಆಗುವುದು ಇಲ್ಲೇ. ಪೋಸ್ಟ್ ಹೊರಗೆ ಎಳೆದಾಗ ಅದರ ಮೇಲೆ ಹಳೆಯ ಗ್ರೀಸು, ಮಣ್ಣು, ನೀರು ಸೇರಿ ಬೂದು ಬಣ್ಣದ ಲೇಪ ಆಗಿಹೋಗಿತ್ತು. ಪೋಸ್ಟ್ ಒರೆಸುವುದು ಸುಲಭ, ಪೋಸ್ಟ್ ಕೂರುವ ಫ್ರೇಮಿನ ಟ್ಯೂಬಿನ ಒಳಗೆ ಒರೆಸುವುದೇ ಕಷ್ಟ. ಉದ್ದನೆಯ ಸ್ಕ್ರೂ ಡ್ರೈವರಿಗೆ ಹಳೆ ಬನಿಯನ್ ಬಟ್ಟೆ ಸುತ್ತಿ, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿ ಒಳಗೆ ತಿರುಗಿಸಿದೆ. ಮೊದಲ ಬಟ್ಟೆ ಕಪ್ಪಗೆ ಬಂತು. ಎರಡನೆಯದೂ ಕಪ್ಪು. ಐದನೆಯ ತುಂಡು ಬಿಳಿಯಾಗಿಯೇ ಹೊರಗೆ ಬಂದಾಗ ನಿಲ್ಲಿಸಿದೆ. ಕ್ಲ್ಯಾಂಪನ್ನೂ ಬಿಚ್ಚಿ ಒಳಮೈ ಒರೆಸಿದೆ. ಬೋಲ್ಟ್ ಹೊಸದು ಹಾಕಿ ಅದರ ಮರೆಗೆ, ಅಂದರೆ ಥ್ರೆಡ್ಡಿಗೆ, ಮಾತ್ರ ಒಂದು ಚೂರು ಗ್ರೀಸ್ ಸವರಿದೆ. ಮರೆ ಒಣಗಿದ್ದರೆ ನೀವು ಹಾಕುವ ಬಲ ಕ್ಲ್ಯಾಂಪಿಗೆ ಹೋಗುವ ಬದಲು ಬೋಲ್ಟ್ ತಿರುಗಿಸುವುದರಲ್ಲೇ ಕಳೆದುಹೋಗುತ್ತದೆ.

ಪೇಸ್ಟ್ ಜಾಸ್ತಿ ಬೇಡ. ಕ್ಲ್ಯಾಂಪ್ ಹಿಡಿಯುವ ಜಾಗದಲ್ಲಿ ತೆಳುವಾಗಿ ಒಂದು ಸುತ್ತು, ಟ್ಯೂಬಿನ ಬಾಯಿಯ ಒಳಗೆ ಇನ್ನೊಂದು ಸುತ್ತು ಸಾಕು. ಪೋಸ್ಟ್ ಇಳಿಸುವಾಗ ಕರಕರ ಅನ್ನುತ್ತದೆ, ಹೆದರಬೇಡಿ, ಕಣಗಳ ಸದ್ದು ಅದು. ನನ್ನ ಕ್ಲ್ಯಾಂಪ್ ಮೇಲೆ ಎಷ್ಟು ಬಿಗಿ ಮಾಡಬಹುದು ಅನ್ನುವುದನ್ನು 5 ನ್ಯೂಟನ್ ಮೀಟರ್ ಅಂತ ಬರೆದಿದೆ. ಟಾರ್ಕ್ ವ್ರೆಂಚ್ (ಬಿಗಿ ಅಳೆಯುವ ಸ್ಪ್ಯಾನರ್) ಇಟ್ಟು ಅಷ್ಟಕ್ಕೇ ನಿಲ್ಲಿಸಿದೆ. ವ್ರೆಂಚ್ ಟಕ್ ಅಂದಾಗ, ಇಷ್ಟೇನಾ ಅನ್ನಿಸಿತು. ಇಷ್ಟು ದಿನ ನಾನು ಹಾಕುತ್ತಿದ್ದ ಬಲ ಅದಕ್ಕಿಂತ ಎಷ್ಟೋ ಹೆಚ್ಚು ಇದ್ದಿರಬೇಕು, ಆದರೂ ಜಾರುತ್ತಿತ್ತು, ಅಲ್ವಾ?

ಪೋಸ್ಟ್ ಟ್ಯೂಬಿನೊಳಗೆ ಹೋಗುವ ಜಾಗದಲ್ಲಿ ಒಂದು ಸುತ್ತು ಇನ್ಸುಲೇಶನ್ ಟೇಪ್ ಅಂಟಿಸಿದೆ, ಜಾರಿದರೆ ಗೊತ್ತಾಗಲಿ ಅಂತ. ನಾಲ್ಕು ತಿಂಗಳಾಯಿತು. ವಾರಕ್ಕೆ ಎರಡು ಸಲ ಓಡಿಸುತ್ತೇನೆ, ಎರಡು ಸಲ ಕೆಸರಿನಲ್ಲಿ ಪೂರ್ತಿ ಮುಳುಗೆದ್ದಿದೆ. ಟೇಪು ಇದ್ದಲ್ಲೇ ಇದೆ. ಮಂಡಿ ನೋವೂ ಹೋಯಿತು.

ಕೊರತೆ ಇಲ್ಲ ಅಂತಲ್ಲ. ಪೋಸ್ಟಿನ ಮೇಲೆ ಗೀರು ಬೀಳುತ್ತದೆ, ಕಪ್ಪು ಬಣ್ಣದ ಪೋಸ್ಟಾದರೆ ಎದ್ದು ಕಾಣುತ್ತದೆ. ಹಾಗಾಗಿ ಪ್ರತಿ ಇಳಿಜಾರಿಗೂ ಕ್ವಿಕ್ ರಿಲೀಸ್ (ಕೈಯಲ್ಲೇ ಲಿವರ್ ಎಳೆದು ಸಡಿಲಿಸುವ ಕ್ಲ್ಯಾಂಪ್) ತೆಗೆದು ಸೀಟು ಇಳಿಸುವವರಿಗೆ ಇದು ಸರಿಹೋಗುವುದಿಲ್ಲ. ಅಂಥವರು ಮೊದಲು ಲಿವರ್ ನೋಡಿಕೊಳ್ಳಿ. ಲಿವರ್ ಅರ್ಧ ದಾರಿಗೆ ಬಂದಾಗಲೇ ಬಿಗಿ ಹಿಡಿಯಲು ಶುರುವಾಗಬೇಕು, ಮುಚ್ಚಿದ ಮೇಲೆ ಅಂಗೈಯಲ್ಲಿ ಅದರ ಗುರುತು ಉಳಿಯಬೇಕು. ಇಲ್ಲದಿದ್ದರೆ ಎದುರಿನ ನಟ್ಟನ್ನು ಸ್ವಲ್ಪ ಬಿಗಿ ಮಾಡಿ, ಲಿವರಿನ ಬುಡಕ್ಕೆ ಒಂದು ಹನಿ ಎಣ್ಣೆ ಬಿಡಿ. ಡ್ರಾಪರ್ ಪೋಸ್ಟ್ (ಓಡಿಸುತ್ತಲೇ ಗುಂಡಿ ಒತ್ತಿ ಸೀಟು ಏರಿಸಿ ಇಳಿಸುವ ಪೋಸ್ಟ್) ಇರುವವರಿಗಂತೂ ಪೇಸ್ಟ್ ತುಂಬಾ ಉಪಯೋಗಕ್ಕೆ ಬರುತ್ತದೆ. ಕ್ಲ್ಯಾಂಪ್ ಜಾಸ್ತಿ ಬಿಗಿಯಾದರೆ ಡ್ರಾಪರ್ ಸಿಕ್ಕಿಹಾಕಿಕೊಂಡ ಹಾಗೆ ನಿಧಾನವಾಗಿ ಮೇಲೇಳುತ್ತದೆ. ಪೇಸ್ಟ್ ಇದ್ದರೆ ಕಡಿಮೆ ಬಿಗಿಯಲ್ಲೇ ನಿಲ್ಲುತ್ತದೆ.

ಇನ್ನೊಂದು ವಿಷಯ. ಗ್ರೀಸ್ ಇಲ್ಲದೆ ಬಹಳ ದಿನ ಬಿಟ್ಟರೆ ಲೋಹದ ಪೋಸ್ಟ್ ಫ್ರೇಮಿನೊಳಗೆ ಕಚ್ಚಿಕೊಂಡು ಕೂತುಬಿಡಬಹುದು, ಸ್ಟೀಲ್ ಫ್ರೇಮಿಗೆ ಅಲ್ಯೂಮಿನಿಯಂ ಪೋಸ್ಟ್ ಹಾಕಿದ್ದರೆ ಇನ್ನೂ ಹುಷಾರಾಗಿರಬೇಕು. ನಾನು ಎರಡು ತಿಂಗಳಿಗೊಮ್ಮೆ ಹೊರಗೆ ತೆಗೆದು, ಒರೆಸಿ, ಹೊಸದಾಗಿ ಹಚ್ಚುತ್ತೇನೆ. ಹತ್ತು ನಿಮಿಷದ ಕೆಲಸ.

ಪೇಸ್ಟಿನ ಟ್ಯೂಬಿನಲ್ಲಿ ಇನ್ನೂ ಮುಕ್ಕಾಲು ಪಾಲು ಉಳಿದಿದೆ. ದೊಡ್ಡ ಇಳಿಜಾರುಗಳಲ್ಲಿ ಹ್ಯಾಂಡಲ್ ಬಾರ್ ಅದನ್ನು ಹಿಡಿದಿರುವ ಸ್ಟೆಮ್ಮಿನೊಳಗೆ ಒಂಚೂರು ತಿರುಗುತ್ತಿದೆಯೇನೋ ಅಂತ ಅನುಮಾನ ಇದೆ, ಈ ವಾರ ಬಿಚ್ಚಿ ಅಲ್ಲಿಗೂ ಹಚ್ಚಿ ನೋಡುತ್ತೇನೆ.